ಬಾಗಿಲು ತೆರೆಯದ ಪರದೆ

ಮನೆಗೆ ಹೊಸ ಲ್ಯಾಪ್‌ಟಾಪು ಬಂದೊಡನೆ ಹಳೆಯದು ಬೀರುವಿನ ಮೇಲಕ್ಕೆ ಏರುವುದು ಇತ್ತೀಚಿನ ವಾಡಿಕೆ. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳೆಲ್ಲ ಪರದೆಯ ಮೇಲೆ ನಡೆಯತೊಡಗಿದಾಗ, ಎಷ್ಟೋ ಮನೆಗಳಿಗೆ ಅವಸರದಲ್ಲಿ ಎರಡನೆಯ ಯಂತ್ರ ಬಂದಿತು. ಪಾಠಗಳು ಮತ್ತೆ ತರಗತಿಗೆ ಮರಳಿದವು. ಯಂತ್ರ ಮನೆಯಲ್ಲೇ ಉಳಿಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವೂ ಮುಗಿದ ಮೇಲಂತೂ, ವಿಂಡೋಸ್ 11ಕ್ಕೆ ಏರಲಾರದ ಹಳೆಯ ಯಂತ್ರಗಳನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡಬೇಕೆಂಬ ಯೋಚನೆ ಅನೇಕ ಮನೆಗಳಲ್ಲಿ ನಡೆದಿದೆ.

ಆದರೆ ಯಂತ್ರ ಮುದಿಯಾದರೂ ಅದರ ಪರದೆ ಮುದಿಯಾಗಿರಬೇಕೆಂದಿಲ್ಲ. ಮನೆಯಲ್ಲಿ ಕುಳಿತು ಕಚೇರಿಯ ಲೆಕ್ಕ ಬರೆಯುವವರಿಗೆ, ಒಂದು ಕಡೆ ಪುಸ್ತಕ ಓದುತ್ತ ಇನ್ನೊಂದು ಕಡೆ ಟಿಪ್ಪಣಿ ಮಾಡಿಕೊಳ್ಳುವ ವಿದ್ಯಾರ್ಥಿಗೆ ಎರಡು ಪರದೆಗಳಿದ್ದರೆ ಎಷ್ಟು ಅನುಕೂಲವೆಂಬುದು ಒಮ್ಮೆ ಬಳಸಿದವರಿಗೆಲ್ಲ ತಿಳಿದ ವಿಷಯ. ಅದಕ್ಕಾಗಿ ಸಾವಿರಾರು ರೂಪಾಯಿ ತೆತ್ತು ಬೇರೊಂದು ಮಾನಿಟರನ್ನು ಕೊಳ್ಳುವ ಮುನ್ನ, ಬೀರುವಿನ ಮೇಲಿನ ಯಂತ್ರವನ್ನು ಕೆಳಗಿಳಿಸಿ ನೋಡುವುದು ಗೃಹಸ್ಥರಿಗೆ ಒಪ್ಪುವ ಮಾತು. ಹೊಸ ಲ್ಯಾಪ್‌ಟಾಪಿನ ಚಿತ್ರವನ್ನು ಹಳೆಯ ಲ್ಯಾಪ್‌ಟಾಪಿನ ಪರದೆಯ ಮೇಲೆ, ನಡುವೆ ತಂತಿಯಿಲ್ಲದೆ ಮೂಡಿಸುವ ಏರ್ಪಾಡು ಇಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿಯೇ ಅಡಗಿದೆ. ತೊಡಕು ಇರುವುದು ಅದನ್ನು ಎಚ್ಚರಿಸುವುದರಲ್ಲಿ.

ತಂತಿ ಏಕೆ ಸಾಲದು?

ಮೊದಲು ಎಲ್ಲರಿಗೂ ಹೊಳೆಯುವ ಉಪಾಯವೆಂದರೆ ತಂತಿ. ಎರಡು ಯಂತ್ರಗಳಲ್ಲಿಯೂ ಎಚ್‌ಡಿಎಂಐ ಎಂಬ ಕಿಂಡಿ ಇದೆಯಲ್ಲ, ಒಂದು ಕೇಬಲ್ ತಂದು ಎರಡನ್ನೂ ಕೂಡಿಸಿದರಾಯಿತು ಎಂದು ಅಂಗಡಿಗೆ ಹೋಗುವವರು ಉಂಟು. ಆ ಕೇಬಲ್ಲಿನ ಹಣ ವ್ಯರ್ಥ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ ಸಾಮಾನ್ಯವಾಗಿ ಚಿತ್ರವನ್ನು ಹೊರಕ್ಕೆ ಕಳುಹಿಸಲು ಮಾತ್ರ ಇರತಕ್ಕದ್ದು; ಒಳಕ್ಕೆ ತೆಗೆದುಕೊಳ್ಳಲು ಅಲ್ಲ. ಎರಡು ನಲ್ಲಿಗಳ ಬಾಯಿಯನ್ನು ಒಂದೇ ಕೊಳವೆಯಿಂದ ಬಿಗಿದಂತೆ ಅದು. ಎರಡೂ ಕಡೆ ನೀರು ಕೊಡುವವರೇ ಹೊರತು ಹಿಡಿಯುವ ಬಿಂದಿಗೆ ಎಲ್ಲಿಯೂ ಇಲ್ಲ. ಆದುದರಿಂದ ಲ್ಯಾಪ್‌ಟಾಪಿನಿಂದ ಟಿವಿಗೆ ತಂತಿಯೇ ಸುಲಭವಾದರೂ, ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ವೈಫೈ ದಾರಿಯೇ ಹತ್ತಿರದ್ದು.

ಈ ದಾರಿಗೆ ಮಿರಾಕಾಸ್ಟ್ ಎಂದು ಹೆಸರು. ವೈಫೈ ಉಪಕರಣಗಳಿಗೆ ಪ್ರಮಾಣಪತ್ರ ಕೊಡುವ ವೈಫೈ ಅಲಯನ್ಸ್ ಎಂಬ ಸಂಘವು 2012ರಲ್ಲಿ ಇದನ್ನು ಬಳಕೆಗೆ ತಂದಿತು. ಚಿತ್ರ ಕಳುಹಿಸುವ ಶಕ್ತಿ ವಿಂಡೋಸಿಗೆ 2013ರ 8.1ನೆಯ ಆವೃತ್ತಿಯಲ್ಲಿ ಬಂದಿತು. ಚಿತ್ರವನ್ನು ಬರಮಾಡಿಕೊಳ್ಳುವ ಶಕ್ತಿ ಬಂದುದು ವಿಂಡೋಸ್ 10ಕ್ಕೆ 2016ರ ಆಗಸ್ಟಿನಲ್ಲಿ ಆದ ಪರಿಷ್ಕರಣದಿಂದ. ಕೊಡುವ ಕಲೆ ಮೊದಲು, ಕೊಳ್ಳುವ ಕಲೆ ಆಮೇಲೆ. ಈ ಹಿಂದುಮುಂದು ನೆನಪಿನಲ್ಲಿದ್ದರೆ ಮುಂದಿನ ಅರ್ಧ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ.

ಇಷ್ಟೊಂದು ತೊಡಕೇಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಸಾಲಿಗೆ 1920ರಂತೆ 1080 ಸಾಲುಗಳುಳ್ಳ ಪರದೆಯ ಮೇಲೆ ಇರುವ ಚುಕ್ಕೆಗಳು 20,73,600. ಒಂದೊಂದು ಚುಕ್ಕೆಯ ಬಣ್ಣವನ್ನು ತಿಳಿಸಲು 24 ಬಿಟ್‌ಗಳು ಬೇಕು. ಸೆಕೆಂಡಿಗೆ ಮೂವತ್ತು ಸಲ ಚಿತ್ರ ಬದಲಾಗುವುದಾದರೆ, ಪ್ರತಿ ಸೆಕೆಂಡಿಗೆ ಸುಮಾರು 149 ಕೋಟಿ ಬಿಟ್‌ಗಳನ್ನು ಗಾಳಿಯಲ್ಲಿ ಸಾಗಿಸಬೇಕಾದೀತು. ಸಾಧಾರಣ ಮನೆಯ ವೈಫೈಗೆ ಅದು ಮೀರಿದ ಹೊರೆ. ಆದುದರಿಂದ ಕಳುಹಿಸುವ ಯಂತ್ರ ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ ಕಳುಹಿಸುತ್ತದೆ. ಬರಮಾಡಿಕೊಳ್ಳುವ ಯಂತ್ರ ಅದನ್ನು ಬಿಡಿಸಿ ಹರಡುತ್ತದೆ. ಅಂದರೆ ಈ ಕೆಲಸ ವೈಫೈ ಒಂದರದ್ದೇ ಅಲ್ಲ, ಚಿತ್ರವನ್ನು ಸಿದ್ಧಗೊಳಿಸುವ ಗ್ರಾಫಿಕ್ಸ್ ಭಾಗದ್ದೂ ಹೌದು. ಮೌಸನ್ನು ಸರಿಸಿದ ಗಳಿಗೆಗೂ ಆಚೆಯ ಪರದೆಯ ಮೇಲೆ ಬಾಣ ಸರಿಯುವ ಗಳಿಗೆಗೂ ನಡುವೆ ಸ್ವಲ್ಪ ಅಂತರ ಕಂಡರೆ ಅದು ರೋಗವಲ್ಲ. ಹಿಂಡುವುದಕ್ಕೂ ಬಿಡಿಸುವುದಕ್ಕೂ ತಗಲುವ ಕಾಲ.

ದೋಷ ಎಲ್ಲಿ ಹುಡುಕಬೇಕು?

ಹೊಸ ಯಂತ್ರದಲ್ಲಿ ವಿಂಡೋಸ್ ಕೀಲಿಯನ್ನೂ ಇಂಗ್ಲಿಷಿನ ಕೆ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಸುತ್ತಮುತ್ತಲ ಪರದೆಗಳನ್ನು ಹುಡುಕುವ ಒಂದು ಪಟ್ಟಿ ತೆರೆಯುತ್ತದೆ. ಹಳೆಯ ಯಂತ್ರದ ಹೆಸರು ಅಲ್ಲಿ ಕಾಣಿಸಬೇಕು. ಕಾಣಿಸುವುದಿಲ್ಲ. ಮತ್ತೆ ಮತ್ತೆ ಒತ್ತುತ್ತಾರೆ, ಯಂತ್ರವನ್ನು ಆರಿಸಿ ಹೊತ್ತಿಸುತ್ತಾರೆ, ರೌಟರನ್ನು ಬೈಯುತ್ತಾರೆ. ಹೀಗೆ ಗಂಟೆಗಟ್ಟಲೆ ಕಳೆಯುವವರೆಲ್ಲ ಸಾಮಾನ್ಯವಾಗಿ ದೋಷವನ್ನು ಹುಡುಕುವುದು ಕಳುಹಿಸುವ ಯಂತ್ರದಲ್ಲಿ. ಏಕೆಂದರೆ ಅವರು ಕುಳಿತಿರುವುದು ಅದರ ಮುಂದೆ. ದೋಷವಾದರೋ ಹೆಚ್ಚು ಸಲ ಇರುವುದು ಆಚೆಯ ಯಂತ್ರದಲ್ಲಿ. ಅತಿಥಿ ಬಂದು ನಿಂತಿದ್ದಾನೆ. ಮನೆಯವರು ಬಾಗಿಲನ್ನೇ ತೆರೆದಿಲ್ಲ.

ಇದಕ್ಕೊಂದು ಖಚಿತವಾದ ಕಾರಣವಿದೆ. 2020ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣದಿಂದೀಚೆಗೆ, ಚಿತ್ರವನ್ನು ಬರಮಾಡಿಕೊಳ್ಳುವ ತಂತ್ರಾಂಶವು ಹೊಸದಾಗಿ ಸಿದ್ಧಪಡಿಸಿದ ಯಂತ್ರಗಳಲ್ಲಿ ತಾನಾಗಿ ಇರುವುದಿಲ್ಲ. ಬೇಕಾದವರು ಬೇಡಿ ಪಡೆಯಬೇಕು. ಹಳೆಯ ಯಂತ್ರದಲ್ಲಿ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಎಂಬಲ್ಲಿ ‘ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ’ ಎಂಬ ಪುಟಕ್ಕೆ ಹೋಗಬೇಕು. ಅಲ್ಲಿನ ಆಯ್ಕೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬಾರದಂತಿದ್ದರೆ ತಂತ್ರಾಂಶ ಇಲ್ಲವೆಂದೇ ತಿಳಿಯಬಹುದು. ಅದೇ ಪುಟದಲ್ಲಿ ಕಾಣುವ ‘ಆಪ್ಷನಲ್ ಫೀಚರ್ಸ್’ ಎಂಬುದನ್ನು ಒತ್ತಿ, ಸೇರಿಸಬಹುದಾದವುಗಳ ಪಟ್ಟಿಯಲ್ಲಿ ‘ವೈರ್‌ಲೆಸ್ ಡಿಸ್‌ಪ್ಲೇ’ ಎಂಬುದನ್ನು ಆರಿಸಿ ಸೇರಿಸಿಕೊಳ್ಳಬೇಕು. ಇದೊಂದು ಹೆಜ್ಜೆಗೆ ಮಾತ್ರ ಅಂತರ್ಜಾಲ ಅಗತ್ಯ. ಆಮೇಲೆ ಹಿಂದಿನ ಪುಟಕ್ಕೆ ಬಂದು ಮೊದಲನೆಯ ಆಯ್ಕೆಯನ್ನು ‘ಆಲ್‌ವೇಸ್ ಆಫ್’ ಎಂಬುದರಿಂದ ‘ಅವೈಲಬಲ್ ಎವರಿವೇರ್’ ಎಂಬುದಕ್ಕೆ ಬದಲಾಯಿಸಬೇಕು. ಚಾರ್ಜರ್ ಸಿಕ್ಕಿಸಿದ್ದಾಗ ಮಾತ್ರ ಈ ಯಂತ್ರ ಇತರರಿಗೆ ಕಾಣಿಸಲಿ ಎಂಬ ಇನ್ನೊಂದು ಆಯ್ಕೆಯೂ ಅಲ್ಲಿಯೇ ಇದೆ. ಎಲ್ಲ ಸರಿಯಿದ್ದೂ ಯಂತ್ರ ಕಾಣಿಸದಿದ್ದಾಗ ಮೊದಲು ಚಾರ್ಜರನ್ನು ಸಿಕ್ಕಿಸಿ ನೋಡುವುದು ಜಾಣತನ. ಕೊನೆಗೆ ಹಳೆಯ ಯಂತ್ರದಲ್ಲಿ ಆ ತಂತ್ರಾಂಶವನ್ನು ತೆರೆದಿಟ್ಟು, ಸಂಪರ್ಕಕ್ಕೆ ಸಿದ್ಧವೆಂಬ ಸೂಚನೆ ಬಂದ ಮೇಲೆ ಹೊಸ ಯಂತ್ರದಲ್ಲಿ ಹುಡುಕಬೇಕು. ಕೆಲವು ಯಂತ್ರಗಳಲ್ಲಿ ಇದಕ್ಕೆ ‘ಕನೆಕ್ಟ್’ ಎಂದೂ, ಕೆಲವುಗಳಲ್ಲಿ ‘ವೈರ್‌ಲೆಸ್ ಡಿಸ್‌ಪ್ಲೇ’ ಎಂದೂ ಹೆಸರಿದೆ.

ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಾದರೆ ಈ ಹೆಜ್ಜೆಯಲ್ಲಿಯೇ ನಿಲ್ಲಬೇಕಾದೀತು. ಎಷ್ಟೋ ಸಂಸ್ಥೆಗಳು ತಮ್ಮ ಯಂತ್ರಗಳಲ್ಲಿ ಇಂಥ ಸೌಕರ್ಯಗಳನ್ನು ಬುದ್ಧಿಪೂರ್ವಕವಾಗಿ ಮುಚ್ಚಿಟ್ಟಿರುತ್ತವೆ. ಅದು ಕೆಟ್ಟಿರುವುದಲ್ಲ, ಬೀಗ ಹಾಕಿರುವುದು. ಬೀಗದ ಕೈ ಇರುವುದು ಕಚೇರಿಯ ತಾಂತ್ರಿಕ ವಿಭಾಗದಲ್ಲಿ. ಮನೆಯಲ್ಲಿ ಅದನ್ನು ಒಡೆಯಲು ಹೋಗುವುದು ಸಲ್ಲದು.

ದಿಕ್ಕು ಬದಲಾಯಿಸುವ ಪರೀಕ್ಷೆ

ಇಷ್ಟಾದರೂ ಹೆಸರು ಕಾಣಿಸದಿದ್ದರೆ? ಇಲ್ಲಿ ಆತುರಪಟ್ಟು ಹತ್ತು ಸಂಗತಿಗಳನ್ನು ಒಮ್ಮೆಗೇ ಬದಲಾಯಿಸುವವರು, ಕೆಲಸ ಕೈಗೂಡಿದರೂ ಯಾವುದರಿಂದ ಕೈಗೂಡಿತೆಂದು ತಿಳಿಯದೆ, ಮುಂದಿನ ಸಲ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲವನ್ನು ನೋಡಿ ಮುಂದೆ ಸಾಗುವುದು ವೈದ್ಯನಿಗೂ ಮೆಕ್ಯಾನಿಕ್ಕಿಗೂ ಸಮಾನವಾದ ಧರ್ಮ.

ಅಂಥ ಪರೀಕ್ಷೆಗಳಲ್ಲಿ ಅತ್ಯಂತ ಸುಲಭವಾದುದು ದಿಕ್ಕು ಬದಲಾಯಿಸುವುದು. “ಈ ಹಳೇದು ಕೆಟ್ಟಿದೆಯಮ್ಮ, ಕೊಟ್ಟುಬಿಡೋಣ” ಎನ್ನುವ ತಂದೆಗೆ, “ಕೊಡೋದು ಇದ್ದೇ ಇದೆಯಪ್ಪ. ಅದಕ್ಕೆ ಮುಂಚೆ ಅದರಿಂದ ನನ್ನದಕ್ಕೆ ಕಳಿಸಿ ನೋಡಿ” ಎಂದು ಹೇಳುವ ಮಗಳು ಇದ್ದರೆ ಆ ಮನೆಯಲ್ಲಿ ಹಣ ಉಳಿದೀತು. ಹೊಸದರಲ್ಲಿಯೂ ಬರಮಾಡಿಕೊಳ್ಳುವ ತಂತ್ರಾಂಶವನ್ನು ಸೇರಿಸಿ, ಹಳೆಯದರಿಂದ ಹೊಸದಕ್ಕೆ ಕಳುಹಿಸಿದಾಗ ಚಿತ್ರ ಮೂಡಿದರೆ, ಎರಡರ ವೈಫೈಯೂ ನಡುವಿನ ದಾರಿಯೂ ಸರಿಯಾಗಿವೆ ಎಂದಾಯಿತು. ಉಳಿದ ಸಂಶಯ ಹೊಸದರ ಕಳುಹಿಸುವ ಶಕ್ತಿಯ ಮೇಲೆ ಇಲ್ಲವೆ ಹಳೆಯದರ ಬರಮಾಡಿಕೊಳ್ಳುವ ಏರ್ಪಾಡಿನ ಮೇಲೆ ಮಾತ್ರ. ಮಿರಾಕಾಸ್ಟ್ ಬಲ್ಲ ಟಿವಿಯೊಂದು ಮನೆಯಲ್ಲಿದ್ದರೆ ಹೊಸದರಿಂದ ಅದಕ್ಕೂ ಕಳುಹಿಸಿ ನೋಡಬಹುದು. ಅಲ್ಲಿ ಮೂಡಿ ಇಲ್ಲಿ ಮೂಡದಿದ್ದರೆ, ಸಂಶಯ ಹಳೆಯದರ ಏರ್ಪಾಡೊಂದರ ಮೇಲೆಯೇ ನಿಲ್ಲುತ್ತದೆ. ಎರಡೇ ಪರೀಕ್ಷೆಗಳಿಂದ ಆರೋಪಿಗಳ ಸಂಖ್ಯೆ ಮೂರು ನಾಲ್ಕರಿಂದ ಒಂದಕ್ಕೆ ಇಳಿಯಿತು.

ಯಂತ್ರಕ್ಕೆ ಈ ಶಕ್ತಿ ಮೂಲದಲ್ಲಿಯೇ ಉಂಟೋ ಇಲ್ಲವೋ ಎಂಬುದನ್ನು ಯಂತ್ರವನ್ನೇ ಕೇಳಬಹುದು. ವಿಂಡೋಸ್ ಕೀಲಿಯನ್ನು ಆರ್ ಅಕ್ಷರದೊಡನೆ ಒತ್ತಿ, ತೆರೆದ ಚೌಕದಲ್ಲಿ ಡಿ, ಎಕ್ಸ್, ಡಿ, ಐ, ಎ, ಜಿ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಬಿಡುವಿಲ್ಲದೆ ಬರೆದು ಎಂಟರ್ ಒತ್ತಬೇಕು. ಅಲ್ಲಿ ಎಲ್ಲ ವಿವರಗಳನ್ನೂ ಉಳಿಸಿಕೊಳ್ಳುವ ಗುಂಡಿಯೊಂದಿದೆ. ಉಳಿಸಿಕೊಂಡ ಕಡತದ ಆರಂಭದ ಭಾಗದಲ್ಲಿ ಮಿರಾಕಾಸ್ಟ್ ಎಂಬ ಸಾಲು ಇರುತ್ತದೆ. ಅದರ ಮುಂದೆ ‘ಅವೈಲಬಲ್’ ಎಂದಿದ್ದರೆ ಶಕ್ತಿಯುಂಟು. ಇಲ್ಲವೆಂದಿದ್ದರೆ, ವೈಫೈ ಆರಿಸಿಟ್ಟಿಲ್ಲವಷ್ಟೆ ಎಂದು ಮೊದಲು ನೋಡಿ, ಆಮೇಲೆ ಲ್ಯಾಪ್‌ಟಾಪು ತಯಾರಿಸಿದ ಸಂಸ್ಥೆಯ ತಾಣದಿಂದಲೇ ಗ್ರಾಫಿಕ್ಸ್ ಮತ್ತು ವೈಫೈ ಡ್ರೈವರುಗಳನ್ನು ತಂದು ಹೊಸದು ಮಾಡಬೇಕು. ಆ ಮೇಲೆಯೂ ಇಲ್ಲವೆಂದರೆ ಯಂತ್ರವನ್ನು ಕಾಡಿಸಿ ಫಲವಿಲ್ಲ.

ಮ್ಯಾಕ್ ಯಂತ್ರಗಳ ಮಾತೇ ಬೇರೆ. ಅವುಗಳಿಗೆ ಮಿರಾಕಾಸ್ಟ್ ಭಾಷೆ ತಿಳಿಯದು. ಅವುಗಳ ಭಾಷೆ ಏರ್‌ಪ್ಲೇ. 2021ರಲ್ಲಿ ಬಂದ ಮಾಂಟೆರೇ ಆವೃತ್ತಿಯಿಂದೀಚೆಗೆ, ಅದಕ್ಕೆ ತಕ್ಕ ಒಂದು ಮ್ಯಾಕ್ ಇನ್ನೊಂದರಿಂದ ಚಿತ್ರವನ್ನು ಬರಮಾಡಿಕೊಳ್ಳಬಲ್ಲುದು. ಆದರೆ ವಿಂಡೋಸ್ ಯಂತ್ರವೂ ಮ್ಯಾಕೂ ದುಭಾಷಿಯಿಲ್ಲದೆ ಮಾತನಾಡಲಾರವು. ಇವೆರಡನ್ನು ಕೂಡಿಸಲು ಇಡೀ ರಾತ್ರಿ ಹೆಣಗಿದವರ ತಾಳ್ಮೆಯನ್ನು ಮೆಚ್ಚಬಹುದೇ ಹೊರತು ಫಲವನ್ನು ನಿರೀಕ್ಷಿಸಲಾಗದು.

ನಡುದಾರಿಯ ಅಡ್ಡಿಗಳು

ಎರಡು ಯಂತ್ರಗಳೂ ಸಿದ್ಧವಾಗಿದ್ದು ಸಂಪರ್ಕ ಕೂಡದಿದ್ದರೆ ಅಡ್ಡಿ ನಡುದಾರಿಯಲ್ಲಿದೆ. ಮಿರಾಕಾಸ್ಟ್ ಎರಡು ಯಂತ್ರಗಳ ನಡುವೆ ತನ್ನದೇ ನೇರ ವೈಫೈ ಕೊಂಡಿಯನ್ನು ಕಟ್ಟಿಕೊಳ್ಳಬಲ್ಲುದು. ರೌಟರ್ ಆಗಲಿ ಅಂತರ್ಜಾಲವಾಗಲಿ ಅದಕ್ಕೆ ಕಡ್ಡಾಯವಲ್ಲ. ಆದರೆ ಎರಡರಲ್ಲಿಯೂ ವೈಫೈ ಹೊತ್ತಿರಲೇಬೇಕು. ತಂತಿಯ ಮೂಲಕ ಅಂತರ್ಜಾಲ ಬರುತ್ತಿದೆಯೆಂದು ವೈಫೈಯನ್ನು ಆರಿಸಿಟ್ಟ ಯಂತ್ರ ಈ ಕೆಲಸಕ್ಕೆ ಬಾರದು. 2017ರ ಪರಿಷ್ಕರಣದ ತರುವಾಯ ವಿಂಡೋಸ್ 10 ಮನೆಯ ಜಾಲದ ಮೂಲಕವೂ ಚಿತ್ರವನ್ನು ಕಳುಹಿಸಬಲ್ಲುದಾದ್ದರಿಂದ ಎರಡು ಯಂತ್ರಗಳನ್ನೂ ಒಂದೇ ವೈಫೈಗೆ ಸೇರಿಸುವುದು ಒಳ್ಳೆಯದು. ಒಂದು ಮನೆಯ ವೈಫೈಗೂ ಇನ್ನೊಂದು ಅತಿಥಿಗಳಿಗೆಂದು ಬೇರೆ ಮಾಡಿದ ವೈಫೈಗೂ ಸೇರಿದ್ದರೆ ಅವುಗಳಿಗೆ ಈ ದಾರಿಯಲ್ಲಿ ಒಂದರ ಮುಖ ಒಂದಕ್ಕೆ ಕಾಣದು.

ಕಚೇರಿಯ ಕೆಲಸಕ್ಕೆಂದು ವಿಪಿಎನ್ ಹಾಕಿಕೊಂಡಿದ್ದರೆ ಅದನ್ನು ಕಡಿದು ನೋಡಬೇಕು. ಅದು ಯಂತ್ರದ ಮಾತುಕತೆಯನ್ನೆಲ್ಲ ದೂರದ ಒಂದೇ ಬಾಗಿಲಿನತ್ತ ತಿರುಗಿಸಿ ಪಕ್ಕದ ಯಂತ್ರವನ್ನು ಮರೆಸುವುದುಂಟು. ಮನೆಯ ವೈಫೈಯನ್ನು ವಿಂಡೋಸ್ ‘ಪಬ್ಲಿಕ್’ ಎಂದು ಗುರುತಿಸಿಕೊಂಡಿದ್ದರೆ ರಕ್ಷಣೆಯ ಗೋಡೆ ಬಿಗಿಯಾಗಿರುತ್ತದೆ. ಸ್ವಂತ ಮನೆಯ ಮಟ್ಟಿಗೆ ಅದನ್ನು ‘ಪ್ರೈವೇಟ್’ ಎಂದು ಬದಲಾಯಿಸಬಹುದು. ಆದರೆ ಫೈರ್‌ವಾಲನ್ನೇ ಪೂರ್ತಿ ಆರಿಸಿ, ಕೆಲಸ ಕೈಗೂಡಿತೆಂದು ಹಾಗೆಯೇ ಬಿಡುವುದು, ಗಾಳಿ ಬರಲೆಂದು ಮನೆಯ ಗೋಡೆಯನ್ನು ಕೆಡವಿದಂತೆ. ಬರಮಾಡಿಕೊಳ್ಳುವ ತಂತ್ರಾಂಶವೊಂದಕ್ಕೆ ಅನುಮತಿ ಕೊಟ್ಟರೆ ಸಾಕು.

ಹೆಸರಿನ ಗೊಂದಲವೂ ಕಡಿಮೆಯದಲ್ಲ. ಅನೇಕ ಯಂತ್ರಗಳಿಗೆ ‘ಡೆಸ್ಕ್‌ಟಾಪ್’ ಅಥವಾ ‘ಲ್ಯಾಪ್‌ಟಾಪ್’ ಎಂಬ ಮಾತಿನ ಮುಂದೆ ಅರ್ಥವಿಲ್ಲದ ಅಕ್ಷರಗಳನ್ನು ಜೋಡಿಸಿದ ಹೆಸರೇ ಇರುತ್ತದೆ. ವಠಾರದ ಮನೆಗಳಲ್ಲಿ ಅಂಥ ಹೆಸರುಗಳು ನಾಲ್ಕಾರು ಒಟ್ಟಿಗೆ ಕಂಡು, ನೆರೆಮನೆಯ ಯಂತ್ರದ ಬಾಗಿಲನ್ನು ತಟ್ಟಿದಂತಾದೀತು. ಸೆಟ್ಟಿಂಗ್ಸಿನಲ್ಲಿ ಯಂತ್ರಕ್ಕೊಂದು ಗುರುತಿಸಬಹುದಾದ ಹೆಸರಿಟ್ಟು, ಒಮ್ಮೆ ಆರಿಸಿ ಹೊತ್ತಿಸಿದರೆ ಈ ಗೊಂದಲ ತೀರಿತು. ಹಿಂದೊಮ್ಮೆ ಕೂಡಿ ಈಗ ಕೂಡದಿರುವ ಯಂತ್ರಗಳಾದರೆ, ಹಳೆಯ ನಂಟನ್ನು ಸಾಧನಗಳ ಪಟ್ಟಿಯಿಂದ ಅಳಿಸಿ ಹೊಸದಾಗಿ ಕೂಡಿಸಬೇಕು.

ಚಿತ್ರ ಬಂದು ತಡವರಿಸುತ್ತಿದ್ದರೆ ದೂರವನ್ನೂ ದಟ್ಟಣೆಯನ್ನೂ ನೋಡಬೇಕು. ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ ಬ್ಲೂಟೂತ್ ಇದೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸಂದಣಿ ಕಡಿಮೆ. ಆದರೆ ಅದು ಗೋಡೆಗಳನ್ನು ಅಷ್ಟು ಚೆನ್ನಾಗಿ ದಾಟಲಾರದು. ಎರಡು ಯಂತ್ರಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡವರಿಗೆ ಈ ಕೊರತೆ ಬಾಧಿಸದು. ಧ್ವನಿ ಇದ್ದಕ್ಕಿದ್ದಂತೆ ಮಾಯವಾದರೆ ಅದು ಆಚೆಯ ಯಂತ್ರಕ್ಕೆ ಹೋಗಿರುತ್ತದೆ; ಧ್ವನಿಯ ಗುರುತನ್ನು ಒತ್ತಿ ಹಿಂದಕ್ಕೆ ಕರೆಯಬಹುದು. ಉಳಿದುದೆಲ್ಲ ಕಂಡು, ಹಣ ಕೊಟ್ಟು ನೋಡುವ ಚಲನಚಿತ್ರವೊಂದು ಮಾತ್ರ ಕಪ್ಪಾಗಿದ್ದರೆ, ಅದು ನಕಲನ್ನು ತಡೆಯಲು ಚಿತ್ರದ ಮಾಲೀಕರು ಹಾಕಿಸಿದ ಕಾಪಾಗಿರುವುದುಂಟು, ಯಂತ್ರದ ಕೆಡುಕಲ್ಲ.

ತೆರೆದ ಬಾಗಿಲನ್ನು ಮುಚ್ಚುವುದು

ಕೆಲಸ ಕೈಗೂಡಿದ ಸಂತೋಷದಲ್ಲಿ ಮರೆಯುವ ಮಾತೊಂದಿದೆ. ಬರಮಾಡಿಕೊಳ್ಳಲು ತೆರೆದ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಅದೇ ಪುಟದಲ್ಲಿ, ಪ್ರತಿ ಸಲವೂ ಅನುಮತಿ ಕೇಳಬೇಕೆಂದೂ ಪಿನ್ ಸಂಖ್ಯೆ ಬೇಕೆಂದೂ ಆರಿಸಿಡುವುದು ಕ್ಷೇಮ. ಆಗ ಹಳೆಯ ಯಂತ್ರದ ಪರದೆಯ ಮೇಲೆ ಮೂಡಿದ ಸಂಖ್ಯೆಯನ್ನು ಹೊಸದರಲ್ಲಿ ಬರೆದ ಹೊರತು ಯಾರೂ ಒಳಬರಲಾರರು. ಮುಗಿದ ಮೇಲೆ ‘ಆಲ್‌ವೇಸ್ ಆಫ್’ ಎಂದು ತಿರುಗಿಸಿಟ್ಟರೆ ಇನ್ನೂ ಒಳ್ಳೆಯದು. ಬೆಂಬಲ ಮುಗಿದ ವಿಂಡೋಸ್ 10ರ ಯಂತ್ರವಾದರೆ ಅದನ್ನು ಪರದೆಯಾಗಿ ಮಾತ್ರ ಬಳಸಿ, ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡದಿರುವುದು ಲೇಸು.

ವಿಂಡೋಸ್ ಕೀಲಿಯೊಡನೆ ಪಿ ಅಕ್ಷರ ಒತ್ತಿದಾಗ ಬರುವ ಆಯ್ಕೆಗಳಲ್ಲಿ ‘ಡೂಪ್ಲಿಕೇಟ್’ ಎಂದರೆ ಎರಡೂ ಕಡೆ ಒಂದೇ ಚಿತ್ರ; ‘ಎಕ್ಸ್‌ಟೆಂಡ್’ ಎಂದರೆ ಎರಡೂ ಸೇರಿ ಒಂದು ಅಗಲವಾದ ಮೇಜು. ನಾಲ್ಕು ಜನರ ಮುಂದೆ ಪರದೆಯನ್ನು ತೋರಿಸುವಾಗ ಎರಡನೆಯದೇ ಮೇಲು. ಮೊದಲನೆಯದರಲ್ಲಿ ಬಂದ ಪತ್ರ, ಬ್ಯಾಂಕಿನ ಸಂದೇಶ, ಮನೆಯ ಮಾತು, ಎಲ್ಲವೂ ಎಲ್ಲರ ಕಣ್ಣಿಗೂ ಬೀಳುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಪರದೆ ಕೂಡಲಿಲ್ಲವೆಂದು ಅಂತರ್ಜಾಲದಲ್ಲಿ ಸಿಕ್ಕ ಯಾವುದೋ ದೂರವಾಣಿ ಸಂಖ್ಯೆಗೆ ಕರೆ ಮಾಡಿ, ಆಚೆಯವರು ಹೇಳಿದ ಆ್ಯಪನ್ನು ಹಾಕಿಕೊಂಡರೆ, ಅದು ಪಕ್ಕದ ಮೇಜಿಗಲ್ಲದೆ ಕಾಣದ ಊರಿಗೆ ಪರದೆಯನ್ನು ಒಪ್ಪಿಸಿದಂತಾದೀತು. ದೂರದಿಂದ ಯಂತ್ರವನ್ನು ನಡೆಸುವ ಇಂಥ ಆ್ಯಪುಗಳ ಮೂಲಕ ಖಾತೆಯ ಹಣ ಹಾರಿಹೋಗುವ ಬಗೆಯನ್ನು ಕುರಿತು ಭಾರತೀಯ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಹಾಗೆ ಮೋಸ ಹೋದವರು ತಡಮಾಡದೆ 1930 ಎಂಬ ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ಎರಡು ಲ್ಯಾಪ್‌ಟಾಪುಗಳನ್ನು ಕೂಡಿಸಲು ಹೊರಗಿನವರ ಯಾವ ಆ್ಯಪೂ ಬೇಕಿಲ್ಲ. ಬೇಕಾದುದು ವಿಂಡೋಸಿನ ಒಳಗೇ ಇದೆ.

ಆದುದರಿಂದ ಕ್ರಮ ಇಷ್ಟೇ: ಎರಡರ ಭಾಷೆಯೂ ಒಂದೇ ಎಂದು ತಿಳಿಯುವುದು, ಬರಮಾಡಿಕೊಳ್ಳುವ ಯಂತ್ರವನ್ನು ಮೊದಲು ಅಣಿಗೊಳಿಸುವುದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ದಿಕ್ಕು ತಿರುಗಿಸಿ ನೋಡುವುದು, ನಡುದಾರಿಯ ಅಡ್ಡಿಯನ್ನು ಸರಿಸುವುದು, ಕೊನೆಗೆ ಬಾಗಿಲು ಮುಚ್ಚುವುದು. ಈ ಐದನ್ನೂ ಅನುಸರಿಸಿದ ಮೇಲೆಯೂ ಪರದೆ ಬೆಳಗದಿದ್ದರೆ ಹಳೆಯ ಯಂತ್ರಕ್ಕೆ ನಿಶ್ಚಿಂತೆಯಿಂದ ವಿದಾಯ ಹೇಳಬಹುದು. ಅದಕ್ಕೂ ಮುನ್ನ ಹೇಳಿದರೆ, ಕೆಡದ ವಸ್ತುವನ್ನು ಕೆಟ್ಟಿತೆಂದು ಮಾರಿ, ಮನೆಯಲ್ಲಿ ಇದ್ದುದನ್ನೇ ಅಂಗಡಿಯಿಂದ ಕೊಂಡುತಂದಂತೆ.